ಮನೆಯ ಟೆಲಿವಿಷನ್ನಿಗೆ ಕಂಪ್ಯೂಟರಿನ ಜೊತೆ

(ರೈತರ ಸಭೆಯಲ್ಲಿ ಮಾಡಿದ ಭಾಷಣದ ಬರಹ)



ಬೀಜ, ಗೊಬ್ಬರ, ಕೀಟಗಳ ವಿಷಯವನ್ನು ನೀವು ಅನೇಕ ಸಲ ಕೇಳಿದ್ದೀರಿ. ಈ ದಿನದ ವಿಷಯ ಬೇರೆ. ನಿಮ್ಮಲ್ಲಿ ಬಹಳ ಮಂದಿಯ ಮನೆಯ ಗೋಡೆಯ ಮೇಲೆ ಟೆಲಿವಿಷನ್ ಇದೆ. ಮಗನೋ ಮಗಳೋ ಕಾಲೇಜಿಗೆ ಹೋಗುವಾಗ ಕೊಂಡ ಕಂಪ್ಯೂಟರೋ ಲ್ಯಾಪ್‌ಟಾಪೋ ಈಗ ಅಟ್ಟದ ಮೇಲೆ ಬಟ್ಟೆ ಸುತ್ತಿಕೊಂಡು ಕುಳಿತಿರಬಹುದು. ಇವೆರಡನ್ನೂ ಒಂದು ತಂತಿಯಿಂದ ಜೋಡಿಸಿದರೆ ಮನೆಗೆ ಏನು ಪ್ರಯೋಜನ, ಜೋಡಿಸುವುದು ಹೇಗೆ, ಜೋಡಿಸಿದ ಮೇಲೆ ಜೋಪಾನ ಮಾಡುವುದು ಹೇಗೆ, ಎಂಬ ಮೂರು ಸಂಗತಿಗಳನ್ನು ಹೇಳಲು ಬಂದಿದ್ದೇನೆ.

ಮೊದಲು ನನ್ನದೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ನಮ್ಮ ತಂದೆಯವರು ತೀರಿಕೊಳ್ಳುವ ಹಿಂದಿನ ವರ್ಷ, ಒಂದು ಸಂಜೆ ಜಗಲಿಯ ಮೇಲೆ ಕುಳಿತು ನಮ್ಮ ಹೊಲಗಳ ಕಥೆಯನ್ನೆಲ್ಲ ಹೇಳಿದರು. ಯಾವ ಬದುವಿನ ಕಲ್ಲು ಯಾರ ಕಾಲದಲ್ಲಿ ನೆಟ್ಟದ್ದು, ಬಾವಿ ತೋಡಿದಾಗ ಎಷ್ಟು ಆಳಕ್ಕೆ ನೀರು ಕಂಡಿತು, ಯಾವ ಮಳೆಗೆ ಏನು ಬಿತ್ತಿದರೆ ಯಾವ ಹೊಲ ಕೈಬಿಡುವುದಿಲ್ಲ, ಎಲ್ಲವನ್ನೂ ಹೇಳಿದರು. ಒಂದು ಗಂಟೆ ಹೊತ್ತು ನಾನು ಅದನ್ನು ಫೋನಿನಲ್ಲಿ ಹಿಡಿದುಕೊಂಡೆ. ಆಮೇಲೆ ಅದು ಫೋನಿನಲ್ಲಿಯೇ ಉಳಿಯಿತು. ನಾಳೆ ಬೇರೆ ಕಡೆ ಇಡೋಣ, ನಾಡಿದ್ದು ಇಡೋಣ ಎಂದು ಎರಡು ಬೆಳೆ ಕಳೆದವು. ಒಂದು ದಿನ ನೀರು ಕಟ್ಟಲು ಬಗ್ಗಿದಾಗ ಜೇಬಿನಲ್ಲಿದ್ದ ಫೋನು ಕಾಲುವೆಗೆ ಬಿತ್ತು. ರಿಪೇರಿ ಅಂಗಡಿಯವನು ನಾಲ್ಕು ದಿನ ಇಟ್ಟುಕೊಂಡು ನೋಡಿ, ಆಗುವುದಿಲ್ಲ ಎಂದು ಹಿಂದಕ್ಕೆ ಕೊಟ್ಟ. ದುಡ್ಡು ಕೊಟ್ಟೆ, ಬೇರೆ ಫೋನು ಬಂತು. ತಂದೆಯವರ ಮಾತು ಬರಲಿಲ್ಲ. ಆ ಹೊತ್ತಿಗೆ ಇನ್ನೊಮ್ಮೆ ಕೇಳೋಣವೆಂದರೆ ಅವರೂ ಇರಲಿಲ್ಲ.

ಅದೇ ಮನೆಯ ಅಟ್ಟದ ಮೇಲೆ ಕಂಪ್ಯೂಟರು ಸುಮ್ಮನೆ ಕುಳಿತಿತ್ತು. ಸಂಜೆ ಅರ್ಧ ಗಂಟೆ ಕೆಲಸ ಮಾಡಿದ್ದರೆ ಸಾಕಾಗಿತ್ತು. ನನಗಾದ ನಷ್ಟ ನಿಮಗೆ ಆಗಬಾರದೆಂದೇ ಈ ಮಾತು.

ಏನು ಪ್ರಯೋಜನ?

ಫೋನಿನಲ್ಲಿ ಎಲ್ಲವೂ ಸಿಕ್ಕುತ್ತದಲ್ಲ, ಇದೆಲ್ಲ ಯಾಕೆ ಎಂದು ನೀವು ಕೇಳಬಹುದು. ಸಿಕ್ಕುತ್ತದೆ, ನಿಜ. ಆದರೆ ರೀಚಾರ್ಜು ಮುಗಿದ ದಿನ ಸಿಕ್ಕುವುದಿಲ್ಲ. ಟವರಿನ ಸಿಗ್ನಲ್ ಇಲ್ಲದ ಹೊಲಮನೆಯಲ್ಲಿ ಸಿಕ್ಕುವುದಿಲ್ಲ. ಹಾಕಿದವರು ತೆಗೆದುಬಿಟ್ಟರೆ ನಿನ್ನೆ ಇದ್ದದ್ದು ಇಂದು ಸಿಕ್ಕುವುದಿಲ್ಲ. ದಿನವೂ ಅಂಗಡಿಯಿಂದ ಜೋಳ ತಂದು ಉಣ್ಣುವ ಮನೆಗೂ ಹಗೇವಿನಲ್ಲಿ ಜೋಳ ತುಂಬಿಟ್ಟ ಮನೆಗೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ.

ನಮ್ಮ ಉತ್ತರ ಜಿಲ್ಲೆಗಳ ಹಿರಿಯರಿಗೆ ಒಂದು ಸಂಗತಿ ನೆನಪಿರಬಹುದು. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೆಲಿವಿಷನ್ ತೋರಿಸುವ ದೊಡ್ಡ ಪ್ರಯೋಗ ನಮ್ಮ ದೇಶದಲ್ಲಿ ನಡೆಯಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು ಅದರಲ್ಲಿದ್ದವು. ಕರ್ನಾಟಕದಲ್ಲಿ ಆಗಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿದ್ದವು. ಜಾಲರಿಯ ದೊಡ್ಡ ಬುಟ್ಟಿಯಂತಹ ಆಂಟೆನಾ, ಊರಿಗೆಲ್ಲ ಒಂದೇ ಟೆಲಿವಿಷನ್. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿನವರಿಗೆ. ಬೇಸಾಯ, ಆರೋಗ್ಯಗಳ ವಿಷಯವನ್ನು ಕನ್ನಡದಲ್ಲಿಯೇ ತೋರಿಸಿದರು. ಅದು ಬಹಳ ಉಪಕಾರದ ಕೆಲಸ. ಆದರೆ ನೋಡಿದ್ದನ್ನು ಇಟ್ಟುಕೊಳ್ಳಲು ಹಳ್ಳಿಯವನಿಗೆ ದಾರಿಯಿರಲಿಲ್ಲ. ಮುಂದಿನ ವರ್ಷ ಬಿತ್ತನೆಯ ಹೊತ್ತಿಗೆ ಇನ್ನೊಮ್ಮೆ ನೋಡಬೇಕೆಂದರೆ ಆಗುತ್ತಿರಲಿಲ್ಲ. ಇಂದು ಆ ದಾರಿ ನಮ್ಮ ಕೈಯಲ್ಲಿದೆ. ನಾವು ಅದನ್ನು ಹಿಡಿಯುತ್ತಿಲ್ಲ, ಅಷ್ಟೆ.

ಬೇಕಾದ ಸಾಮಾನು

ಹೊಸದಾಗಿ ಕೊಳ್ಳುವ ಮುಂಚೆ ಮನೆಯಲ್ಲಿ ಇರುವುದನ್ನು ನೋಡಿ. ಟೆಲಿವಿಷನ್ನಿನ ಹಿಂಬದಿಯಲ್ಲೋ ಪಕ್ಕದಲ್ಲೋ ಚಪ್ಪಟೆಯಾದ ಕಿಂಡಿಯೊಂದು ಇರುತ್ತದೆ. ಅದರ ಬಳಿ ಎಚ್.ಡಿ.ಎಂ.ಐ. ಎಂಬ ಅಕ್ಷರಗಳಿರುತ್ತವೆ. ಅಂತಹದೇ ಕಿಂಡಿ ಕಂಪ್ಯೂಟರಿನಲ್ಲಿಯೂ ಇದ್ದರೆ ನಿಮ್ಮ ಕೆಲಸ ಮುಕ್ಕಾಲು ಆದಂತೆ. ಎರಡಕ್ಕೂ ನಡುವೆ ಒಂದು ಎಚ್.ಡಿ.ಎಂ.ಐ. ಕೇಬಲ್ ಹಾಕಿದರೆ ಚಿತ್ರವೂ ಧ್ವನಿಯೂ ಅದೊಂದರಲ್ಲಿಯೇ ಹೋಗುತ್ತವೆ. ಎರಡು ಮೂರು ಮೀಟರಿನ ಕೇಬಲ್ಲಿಗೆ ಕೆಲವು ನೂರು ರೂಪಾಯಿ ಆಗುತ್ತದೆ. ಎರಡು ಅಂಗಡಿಗಳಲ್ಲಿ ವಿಚಾರಿಸಿ ಕೊಳ್ಳಿ. ಕೊಳ್ಳುವ ಮುಂಚೆ ದಾರದಿಂದ ದೂರ ಅಳೆದುಕೊಂಡು ಹೋಗಿ. ತುಂಡು ಕೇಬಲ್ ತಂದು ಆಮೇಲೆ ಪೇಚಾಡಬೇಡಿ.

ಕಂಪ್ಯೂಟರು ಹಳೆಯದಾದರೆ ಅದರಲ್ಲಿ ಹದಿನೈದು ತೂತುಗಳ ನೀಲಿ ಕಿಂಡಿ ಮಾತ್ರ ಇರಬಹುದು. ಅದಕ್ಕೆ ವಿ.ಜಿ.ಎ. ಎನ್ನುತ್ತಾರೆ. ಅದರಲ್ಲಿ ಚಿತ್ರ ಮಾತ್ರ ಹೋಗುತ್ತದೆ, ಧ್ವನಿಗೆ ಬೇರೆ ತಂತಿ ಬೇಕು. ಟೆಲಿವಿಷನ್ನೇ ಹಳೆಯದಾಗಿ ಕೆಂಪು, ಬಿಳಿ, ಹಳದಿ ತೂತುಗಳಷ್ಟೇ ಇದ್ದರೆ ನಡುವೆ ಪರಿವರ್ತಕದ ಚಿಕ್ಕ ಪೆಟ್ಟಿಗೆಯೊಂದು ಬೇಕಾಗುತ್ತದೆ. ಅದರಲ್ಲಿ ಚಿತ್ರ ಸ್ವಲ್ಪ ಮಸುಕಾಗಿ ಕಂಡರೂ ಮನೆಯವರ ಮುಖ ಗುರುತು ಹಿಡಿಯುವುದಕ್ಕೆ ತೊಂದರೆಯಿಲ್ಲ.

ಕಂಪ್ಯೂಟರು ಇಲ್ಲದವರು ದೊಡ್ಡ ಯಂತ್ರ ಕೊಳ್ಳಬೇಕಾಗಿಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ರಾಸ್‌ಬೆರಿ ಪೈ ಎಂಬ ಕಂಪ್ಯೂಟರು 2012ರಿಂದ ಮಾರಾಟದಲ್ಲಿದೆ. ಅದೂ ಬೇಡವೆಂದರೆ ಪೆನ್‌ಡ್ರೈವಿಗೆ ಹಾಕಿ ಟೆಲಿವಿಷನ್ನಿನ ಯು.ಎಸ್.ಬಿ. ಕಿಂಡಿಗೆ ಸಿಕ್ಕಿಸಿಯೂ ನೋಡಬಹುದು. ಎಷ್ಟೋ ಪೆನ್‌ಡ್ರೈವುಗಳು 4 ಜಿ.ಬಿ.ಗಿಂತ ದೊಡ್ಡದಾದ ಒಂದು ಫೈಲನ್ನು ಒಳಗೆ ಬಿಡುವುದಿಲ್ಲ. ಜಾಗ ಖಾಲಿಯಿದ್ದರೂ ಆಗುವುದಿಲ್ಲ ಎನ್ನುತ್ತವೆ. ಇದು ಅದನ್ನು ಸಿದ್ಧಪಡಿಸಿದ ಹಳೆಯ ಪದ್ಧತಿಯ ದೋಷ. ಎಕ್ಸ್‌ಫ್ಯಾಟ್ ಎಂಬ ಪದ್ಧತಿಯಲ್ಲಿ ಮತ್ತೆ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ. ಆದರೆ ಫಾರ್ಮ್ಯಾಟ್ ಮಾಡಿದಾಗ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ.

ಜೋಡಿಸುವ ಕ್ರಮ

ಮೊದಲು ಎರಡೂ ಯಂತ್ರಗಳನ್ನು ಆರಿಸಿ ಕೇಬಲ್ ಸಿಕ್ಕಿಸಿ. ಆಮೇಲೆ ಟೆಲಿವಿಷನ್ ಹಾಕಿ, ರಿಮೋಟಿನಲ್ಲಿ ಸೋರ್ಸ್ ಅಥವಾ ಇನ್‌ಪುಟ್ ಎಂಬ ಗುಂಡಿ ಒತ್ತಿ, ನೀವು ಕೇಬಲ್ ಹಾಕಿದ ಕಿಂಡಿಯ ಸಂಖ್ಯೆಯನ್ನೇ ಆರಿಸಿಕೊಳ್ಳಿ. ಕೊನೆಗೆ ಕಂಪ್ಯೂಟರು ಹಾಕಿ. ಸಾಮಾನ್ಯವಾಗಿ ಮೂರು ತೊಂದರೆಗಳು ಬರುತ್ತವೆ.

ಒಂದು: ಚಿತ್ರ ಬರುವುದಿಲ್ಲ. ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಕಿಟಕಿಯ ಗುರುತಿನ ಕೀಲಿಯನ್ನು ಒತ್ತಿ ಹಿಡಿದು ಇಂಗ್ಲಿಷಿನ ಪಿ ಅಕ್ಷರ ಒತ್ತಿ. ಪರದೆಯ ಮೇಲೆ ನಾಲ್ಕು ಆಯ್ಕೆಗಳು ಬರುತ್ತವೆ. ಡೂಪ್ಲಿಕೇಟ್ ಎಂಬುದನ್ನು ಆರಿಸಿದರೆ ಎರಡು ಕಡೆಯೂ ಒಂದೇ ಚಿತ್ರ ಕಾಣುತ್ತದೆ.

ಎರಡು: ಚಿತ್ರ ಬಂದಿದೆ, ಧ್ವನಿ ಕಂಪ್ಯೂಟರಿನಲ್ಲಿಯೇ ಉಳಿದಿದೆ. ಪರದೆಯ ಕೆಳಗಿನ ಮೂಲೆಯ ಸ್ಪೀಕರ್ ಗುರುತಿನ ಮೇಲೆ ಒತ್ತಿ, ಪಟ್ಟಿಯಲ್ಲಿ ಟೆಲಿವಿಷನ್ನಿನ ಹೆಸರನ್ನು ಆರಿಸಿ.

ಮೂರು: ಚಿತ್ರದ ಅಂಚು ಕತ್ತರಿಸಿಹೋಗಿದೆ. ಇದು ಕಂಪ್ಯೂಟರಿನ ದೋಷವಲ್ಲ. ಟೆಲಿವಿಷನ್ನಿನ ಚಿತ್ರದ ಸೆಟ್ಟಿಂಗಿನಲ್ಲಿ ಜಸ್ಟ್ ಸ್ಕ್ಯಾನ್, ಸ್ಕ್ರೀನ್ ಫಿಟ್ ಎಂಬಂತಹ ಹೆಸರಿನ ಆಯ್ಕೆ ಇರುತ್ತದೆ. ಅದನ್ನು ಹಾಕಿಕೊಳ್ಳಿ.

ಇಷ್ಟಕ್ಕೆ ಮೆಕ್ಯಾನಿಕ್ಕನ್ನು ಕರೆಸಬೇಕಾಗಿಲ್ಲ. ಹೈಸ್ಕೂಲಿಗೆ ಹೋಗುವ ಮಗುವನ್ನು ಕೂಡಿಸಿಕೊಂಡು ನೀವೇ ಮಾಡಿ. ಮಗು ಮಾಡುವಾಗ ನೀವು ಪಕ್ಕದಲ್ಲಿದ್ದು ಕಲಿತುಕೊಳ್ಳಿ. ಮಗು ಹಾಸ್ಟೆಲಿಗೆ ಹೋದ ಮೇಲೆ ಟೆಲಿವಿಷನ್ ಕಪ್ಪಗೆ ಕುಳಿತಿರಬಾರದು.

ಚಿತ್ರ ತೋರಿಸಲು ವಿ.ಎಲ್.ಸಿ. ಎಂಬ ಪ್ರೋಗ್ರಾಂ ಒಂದಿದ್ದರೆ ಆರಂಭಕ್ಕೆ ಸಾಕು. ಫ್ರಾನ್ಸ್ ದೇಶದ ಕಾಲೇಜೊಂದರ ವಿದ್ಯಾರ್ಥಿಗಳು ಆರಂಭಿಸಿದ ಕೆಲಸವದು, ಎಲ್ಲರಿಗೂ ಉಚಿತ. ಯಾವ ಬಗೆಯ ಫೈಲು ಕೊಟ್ಟರೂ ಬಹುಮಟ್ಟಿಗೆ ತೋರಿಸುತ್ತದೆ. ಕೈಹಿಡಿದ ಮೇಲೆ ಕೋಡಿ ಎಂಬುದನ್ನು ಹಾಕಿಕೊಳ್ಳಬಹುದು. ಅದೂ ಉಚಿತ. ಆಟದ ಪೆಟ್ಟಿಗೆಯೊಂದಕ್ಕಾಗಿ ಉತ್ಸಾಹಿಗಳು ಮಾಡಿಕೊಂಡಿದ್ದ ಈ ಪ್ರೋಗ್ರಾಮಿಗೆ 2014ರಲ್ಲಿ ಕೋಡಿ ಎಂದು ಹೆಸರಾಯಿತು. ಅದು ಹಾಡು, ಚಿತ್ರ, ಫೋಟೋಗಳನ್ನು ಬೇರೆ ಬೇರೆ ಮಾಡಿ ದೊಡ್ಡ ಅಕ್ಷರಗಳಲ್ಲಿ ಟೆಲಿವಿಷನ್ನಿನ ಮೇಲೆ ತೋರಿಸುತ್ತದೆ. ಕೋರೆ ಎಂಬ ಆ್ಯಪನ್ನು ಫೋನಿಗೆ ಹಾಕಿಕೊಂಡರೆ ಫೋನೇ ಅದಕ್ಕೆ ರಿಮೋಟ್ ಆಗುತ್ತದೆ. ಚಾಪೆಯ ಮೇಲೆ ಕುಳಿತಲ್ಲಿಂದಲೇ ನಡೆಸಬಹುದು.

ಇಲ್ಲಿ ಒಂದು ಎಚ್ಚರಿಕೆ. ಕೋಡಿಯಲ್ಲಿ ತನ್ನದೆಂಬ ಸಿನಿಮಾ ಒಂದೂ ಇಲ್ಲ. ನೀವು ಇಟ್ಟದ್ದನ್ನು ಅದು ತೋರಿಸುತ್ತದೆ. ಇದರೊಳಗೆ ಸಾವಿರ ಸಿನಿಮಾ ತುಂಬಿದೆ ಎಂದು ಪೆಟ್ಟಿಗೆ ಮಾರುವವರು ಬಂದರೆ ಅದು ಕದ್ದ ಮಾಲು ಎಂದೇ ತಿಳಿಯಿರಿ. ಅದರೊಡನೆ ಬರುವ ಕೇಡಿನ ಪ್ರೋಗ್ರಾಮುಗಳು ಬ್ಯಾಂಕಿನ ಗುಟ್ಟಿನ ಸಂಖ್ಯೆಗೂ ಕೈಹಾಕಬಹುದು.

ಹಳೆಯ ಕಂಪ್ಯೂಟರಿನವರಿಗೆ ಇನ್ನೊಂದು ಮಾತು. ವಿಂಡೋಸ್ 10ಕ್ಕೆ ಕಂಪನಿಯವರು ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗೆಂದು ಯಂತ್ರವನ್ನು ಗುಜರಿಗೆ ಹಾಕಬೇಡಿ. ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯನ್ನು ಹಾಕಿಸಿದರೆ ಇನ್ನೂ ಕೆಲವು ವರ್ಷ ದುಡಿಯುತ್ತದೆ. ಹಾಕಿಸುವ ಮುಂಚೆ ಒಳಗಿರುವ ಫೋಟೋ, ಕಾಗದಪತ್ರಗಳನ್ನು ಬೇರೆ ಕಡೆ ತೆಗೆದಿಡಿ. ಬ್ಯಾಂಕಿನ ವ್ಯವಹಾರವನ್ನು ಮಾತ್ರ ಬೆಂಬಲ ಮುಗಿದ ಯಂತ್ರದಲ್ಲಿ ಮಾಡಕೂಡದು.

ಒಳಗೆ ಏನು ತುಂಬಬೇಕು?

ಬಹಳ ಜನ ತಪ್ಪುವುದು ಇಲ್ಲಿಯೇ. ಮೊದಲು ಸಿನಿಮಾ ತುಂಬುತ್ತಾರೆ. ನಾನು ಹೇಳುವುದೇನೆಂದರೆ, ಮೊದಲು ನಿಮ್ಮ ಮನೆಯದನ್ನೇ ತುಂಬಿ. ಸಿನಿಮಾ ಇನ್ನೆಲ್ಲಿಯಾದರೂ ಸಿಕ್ಕೀತು. ನಿಮ್ಮ ತಾಯಿ ಬೀಸುವಾಗ ಹಾಡುತ್ತಿದ್ದ ಪದ ಇನ್ನೆಲ್ಲಿಯೂ ಸಿಕ್ಕದು.

ಸಿನಿಮಾವಾದರೂ ಎಲ್ಲವೂ ಸಿಕ್ಕುತ್ತದೆಂದು ಹೇಳುವಂತಿಲ್ಲ. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಗೆ ಬಂತು. ಇಂದು ಅದನ್ನು ನೋಡೋಣವೆಂದರೆ ಪ್ರತಿಯಿಲ್ಲ. ಜನ ಕಾಸು ಕೊಟ್ಟು ನೋಡಿದ ಚಿತ್ರದ ಗತಿಯೇ ಹೀಗಾದರೆ, ಒಂದೇ ಫೋನಿನಲ್ಲಿ ಇರುವ ನಮ್ಮ ಮನೆಯ ಚಿತ್ರದ ಗತಿ ಏನು?

ಫೋನಿನಿಂದ ಕಂಪ್ಯೂಟರಿಗೆ ಸಾಗಿಸಲು ಯು.ಎಸ್.ಬಿ. ತಂತಿ ಹಾಕಿ, ಫೋನಿನ ಪರದೆಯಲ್ಲಿ ಫೈಲ್ ಟ್ರಾನ್ಸ್‌ಫರ್ ಎಂಬುದನ್ನು ಒತ್ತಿ. ಕೆಲವು ಅಗ್ಗದ ತಂತಿಗಳು ಚಾರ್ಜು ಮಾತ್ರ ಮಾಡುತ್ತವೆ, ಫೈಲು ಸಾಗಿಸುವುದಿಲ್ಲ. ಫೋನು ಕಾಣದಿದ್ದರೆ ಮೊದಲು ತಂತಿ ಬದಲಾಯಿಸಿ ನೋಡಿ. ಕ್ಯಾಮೆರಾದಿಂದ ತೆಗೆದದ್ದು ಡಿ.ಸಿ.ಐ.ಎಂ. ಎಂಬ ಫೋಲ್ಡರಿನಲ್ಲಿರುತ್ತದೆ. ಅದನ್ನು ಕಾಪಿ ಮಾಡಿ. ಕಂಪ್ಯೂಟರಿನಲ್ಲಿ ಎರಡು ಮೂರನ್ನು ತೆರೆದು ನೋಡಿ, ಸರಿಯಿದೆ ಎಂದ ಮೇಲೆಯೇ ಫೋನಿನಿಂದ ಅಳಿಸಿ. ವಾಟ್ಸಾಪಿನಲ್ಲಿ ಕಳಿಸಿದ ಫೋಟೋ ಕುಗ್ಗಿ ಹೋಗಿರುತ್ತದೆ. ಮದುವೆಯ ಫೋಟೋಗಳನ್ನು ನೆಂಟರಿಂದ ತರಿಸಿಕೊಳ್ಳುವಾಗ ಡಾಕ್ಯುಮೆಂಟ್ ಎಂದು ಕಳಿಸಿರಿ ಎಂದು ಹೇಳಿ.

ಹಳೆಯ ಕ್ಯಾಸೆಟ್ಟುಗಳಿದ್ದರೆ ಎಸೆಯಬೇಡಿ. ಟೇಪ್ ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿನ ಧ್ವನಿ ಒಳಬರುವ ತೂತಿಗೆ ಒಂದು ತಂತಿ ಹಾಕಿ, ಅಡಾಸಿಟಿ ಎಂಬ ಉಚಿತ ಪ್ರೋಗ್ರಾಮಿನಲ್ಲಿ ಹಿಡಿಯಬಹುದು. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅರವತ್ತು ನಿಮಿಷ ಬೇಕು, ಅವಸರ ನಡೆಯದು. ಊರಿನ ದೊಡ್ಡಾಟದ್ದೋ ಸೋಬಾನೆಯದ್ದೋ ಕ್ಯಾಸೆಟ್ಟು ಯಾರ ಮನೆಯಲ್ಲಾದರೂ ಇದ್ದೀತು, ಕೇಳಿ ನೋಡಿ.

ಜಾಗ ಸಾಲುವುದೇ ಎಂಬ ಸಂದೇಹ ಬೇಡ. 1000 ಜಿ.ಬಿ.ಯ ಒಂದು ಡಿಸ್ಕಿನ ಲೆಕ್ಕ ಹೇಳುತ್ತೇನೆ. ಫೋಟೋಕ್ಕೆ 4 ಎಂ.ಬಿ. ಎಂದು ಹಿಡಿದರೆ ಎರಡೂವರೆ ಲಕ್ಷ ಫೋಟೋ. ವೀಡಿಯೋ ನಿಮಿಷಕ್ಕೆ 100 ಎಂ.ಬಿ. ಎಂದರೆ ಸುಮಾರು 160 ಗಂಟೆ. ಹಾಡು ಅಥವಾ ಮಾತು ನಿಮಿಷಕ್ಕೆ 1 ಎಂ.ಬಿ. ಎಂದರೆ 16 ಸಾವಿರ ಗಂಟೆಗೂ ಮೇಲೆ. ಒಂದು ತಲೆಮಾರಿನ ಮಾತು ಅದರಲ್ಲಿ ಹಿಡಿಯುತ್ತದೆ.

ಹೆಸರು ಕೊಡುವುದರಲ್ಲಿ ಶಿಸ್ತಿರಲಿ. ವರ್ಷ ಮೊದಲು, ತಿಂಗಳು ಆಮೇಲೆ, ಸಂಗತಿ ಕೊನೆಗೆ. ‘2026-01 ಸಂಕ್ರಾಂತಿ’, ‘2025-07 ಮೆಣಸಿನ ಗಿಡದ ರೋಗ’, ಹೀಗೆ. ಆಗ ಅವು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಬೆಳೆಗೆ ರೋಗ ಬಂದಾಗ ತೆಗೆದ ಫೋಟೋಗಳಿಗೂ ಒಂದು ಫೋಲ್ಡರು ಇರಲಿ. ಮರುವರ್ಷ ಅದೇ ಚುಕ್ಕೆ ಎಲೆಯ ಮೇಲೆ ಕಂಡರೆ ಹಿಂದಿನ ವರ್ಷ ಏನು ಸಿಂಪಡಿಸಿದ್ದಿರಿ, ಏನಾಯಿತು ಎಂಬುದನ್ನು ಮನೆಮಂದಿಯೆಲ್ಲ ದೊಡ್ಡ ಪರದೆಯ ಮೇಲೆ ನೋಡಿ ತೀರ್ಮಾನ ಮಾಡಬಹುದು. ಕೃಷಿ ವಿಜ್ಞಾನಿಗಳಿಗೂ ಅದನ್ನೇ ತೋರಿಸಬಹುದು.

ಇಂಟರ್ನೆಟ್ ಇಲ್ಲದೆಯೂ ವೈಫೈ

ಮನೆಯಲ್ಲಿ ವೈಫೈ ಪೆಟ್ಟಿಗೆ ಇದ್ದರೆ ಅದರ ರೀಚಾರ್ಜು ಮುಗಿದ ಮೇಲೂ ಅದು ಪೂರ್ತಿ ನಿರುಪಯೋಗಿಯಲ್ಲ. ಊರಾಚೆಯ ಸಂಪರ್ಕ ಕಡಿದರೂ ಮನೆಯೊಳಗಿನ ಕಂಪ್ಯೂಟರು, ಟೆಲಿವಿಷನ್, ಫೋನುಗಳನ್ನು ಅದು ಒಂದಕ್ಕೊಂದು ಜೋಡಿಸಿಯೇ ಇರುತ್ತದೆ. ಕಂಪ್ಯೂಟರಿನಲ್ಲಿ ಹಂಚಿಕೆಯ ಏರ್ಪಾಡು ಮಾಡಿದರೆ, ಒಳಕೋಣೆಯಲ್ಲಿ ಮಲಗಿರುವ ಅಜ್ಜಿ ಫೋನಿನಲ್ಲಿಯೇ ಭಜನೆ ಕೇಳಬಹುದು, ನಡುಮನೆಯಲ್ಲಿ ಮಕ್ಕಳು ಪಾಠ ನೋಡಬಹುದು. ಒಂದು ಕಾಸಿನ ಡೇಟಾ ಖರ್ಚಿಲ್ಲ.

ಕರೆಂಟು, ಸಿಡಿಲು, ಇಲಿ

ಖರ್ಚಿನ ಲೆಕ್ಕ ಮೊದಲು. 100 ವ್ಯಾಟಿನ ಯಂತ್ರ ಹತ್ತು ಗಂಟೆ ಉರಿದರೆ ಒಂದು ಯೂನಿಟ್. ಮೇಜಿನ ಕಂಪ್ಯೂಟರನ್ನು 100 ವ್ಯಾಟ್ ಎಂದು ಹಿಡಿಯಿರಿ. ದಿನಕ್ಕೆ ಮೂರು ಗಂಟೆಯಂತೆ ತಿಂಗಳಿಗೆ 9 ಯೂನಿಟ್ ಆಗುತ್ತದೆ. ಅದನ್ನೇ ಹಗಲು ರಾತ್ರಿ ಉರಿಯಬಿಟ್ಟರೆ 72 ಯೂನಿಟ್. ನೋಡಿದ ಮೇಲೆ ಆರಿಸುವುದನ್ನು ಮಕ್ಕಳಿಗೆ ಕಲಿಸಿ. ಲ್ಯಾಪ್‌ಟಾಪ್ ಇದಕ್ಕಿಂತ ಕಡಿಮೆ ಕುಡಿಯುತ್ತದೆ, ರಾಸ್‌ಬೆರಿ ಪೈ ಇನ್ನೂ ಕಡಿಮೆ.

ಕರೆಂಟು ತಟ್ಟನೆ ಹೋಗುವ ಊರುಗಳಲ್ಲಿ ಮೇಜಿನ ಕಂಪ್ಯೂಟರಿಗೆ ಚಿಕ್ಕ ಯು.ಪಿ.ಎಸ್. ಬೇಕು. ಬರೆಯುತ್ತಿರುವಾಗ ಕರೆಂಟು ಹೋದರೆ ಡಿಸ್ಕಿನ ಬರಹ ಕೆಡುತ್ತದೆ. ಬ್ಯಾಟರಿ ಚೆನ್ನಾಗಿರುವ ಲ್ಯಾಪ್‌ಟಾಪಿಗೆ ಈ ಚಿಂತೆಯಿಲ್ಲ. ಪ್ಲಗ್ಗಿಗೆ ಅರ್ತ್ ತಂತಿ ಸರಿಯಾಗಿ ಕೊಟ್ಟಿದೆಯೇ ಎಂದು ವಯರ್‌ಮನ್ನನ್ನು ಕರೆಸಿ ನೋಡಿಸಿ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಕಾಲದಲ್ಲಿ ವಿಶೇಷ ಎಚ್ಚರ ಬೇಕು. ಗುಂಡಿ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಮಾಳಿಗೆಯ ಮೇಲಿನ ಡಿಷ್ ತಂತಿಯನ್ನೂ ಇಂಟರ್ನೆಟ್ ತಂತಿಯನ್ನೂ ಬಿಡಿಸಬೇಕು. ಡಿಷ್ ತಂತಿಯಲ್ಲಿ ಬಂದ ಹೊಡೆತ ಟೆಲಿವಿಷನ್ನಿಗೆ ತಗುಲಿ, ನಡುವಿನ ಕೇಬಲ್ಲಿನ ಮೂಲಕ ಕಂಪ್ಯೂಟರನ್ನೂ ಸುಡಬಹುದು. ಮೋಡ ಕವಿಯುತ್ತಿರುವಾಗಲೇ ಈ ಕೆಲಸ ಮಾಡಿ. ಸಿಡಿಲು ತಲೆಯ ಮೇಲೆ ಬಂದ ಹೊತ್ತಿನಲ್ಲಿ ತಂತಿಗೆ ಕೈಹಾಕಬೇಡಿ. ಯಂತ್ರ ಹೋದರೆ ಹೋಗಲಿ, ಜೀವ ದೊಡ್ಡದು.

ಕಾಳಿನ ಮೂಟೆ ಇರುವ ಕೋಣೆಯಲ್ಲಿ ಕಂಪ್ಯೂಟರು ಇಡಬೇಡಿ. ಕಾಳಿಗೆ ಬಂದ ಇಲಿ ತಂತಿಯನ್ನೂ ಕಡಿಯುತ್ತದೆ, ಹೊಟ್ಟಿನ ದೂಳು ಫ್ಯಾನಿಗೆ ಅಂಟುತ್ತದೆ.

ಬೀಜವನ್ನು ಒಂದೇ ಕಡೆ ಇಡಬೇಡಿ

ಇನ್ನು ನಾನು ಹೇಳಬೇಕಾದ ಮುಖ್ಯ ಮಾತು. ಕಂಪ್ಯೂಟರಿಗೆ ಹಾಕಿದೆವು, ಇನ್ನು ಭಯವಿಲ್ಲ ಎಂದುಕೊಳ್ಳಬೇಡಿ. ಡಿಸ್ಕು ಕೂಡ ಕೆಡುತ್ತದೆ. ಒಂದು ದಿನ ಹೇಳದೆ ಕೇಳದೆ ನಿಲ್ಲುತ್ತದೆ. ಜಾಣ ರೈತ ಬೀಜದ ಜೋಳವನ್ನು ಒಂದೇ ಕಡೆ ಇಡುವುದಿಲ್ಲ. ಇಲ್ಲಿಯೂ ಅದೇ ನೀತಿ. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಎರಡನೆಯದು ಹೊರಗಿನ ಡಿಸ್ಕಿನಲ್ಲಿ, ಮೂರನೆಯದು ಬೇರೆ ಊರಿನಲ್ಲಿರುವ ತಂಗಿಯ ಮನೆಯಲ್ಲೋ ಮಗನ ಮನೆಯಲ್ಲೋ. ಮನೆಗೆ ಬೆಂಕಿ ಬಿದ್ದರೂ ಕಳ್ಳ ಬಂದರೂ ಮೂರನೆಯದು ಉಳಿಯುತ್ತದೆ.

ಹೊರಗಿನ ಡಿಸ್ಕು ತಿರುಗುತ್ತಿರುವಾಗ ಅಲುಗಿಸಬಾರದು, ಬೀಳಿಸಬಾರದು. ಕೀಳುವ ಮುಂಚೆ ಪರದೆಯ ಮೇಲೆ ಇಜೆಕ್ಟ್ ಒತ್ತಬೇಕು. ಉಳಿದ ಹೊತ್ತು ಅದನ್ನು ಬಿಚ್ಚಿ ಒಣ ಜಾಗದಲ್ಲಿಡಿ. ಯುಗಾದಿಗೆ ಒಮ್ಮೆ, ದೀಪಾವಳಿಗೆ ಒಮ್ಮೆ ತೆಗೆದು, ಹೊಸದನ್ನು ಸೇರಿಸಿ, ಹಳೆಯದರಲ್ಲಿ ನಾಲ್ಕನ್ನು ತೆರೆದು ನೋಡಿ. ಡಿಸ್ಕು ಕಟಕಟ ಸದ್ದು ಮಾಡಿದರೆ ಆ ದಿನವೇ ಹೊಸ ಡಿಸ್ಕಿಗೆ ಸಾಗಿಸಿ.

ಮನೆಯ ನಿಯಮ

ಈ ಏರ್ಪಾಡು ಮನೆಯ ಎಲ್ಲರದು. ರಿಮೋಟು ಗಂಡಸರ ಕೈಯಲ್ಲಿಯೇ ಇರಬೇಕೆಂಬ ಕಟ್ಟಳೆಯೇನೂ ಇಲ್ಲ. ಮನೆಯ ಹೆಣ್ಣುಮಕ್ಕಳಿಗೂ ಇದನ್ನು ಹಾಕಿ ಆರಿಸುವುದನ್ನು ಕಲಿಸಿ. ಮಕ್ಕಳ ಪಾಠದ ಹೊತ್ತು, ಹಿರಿಯರ ಹೊತ್ತು, ಎಲ್ಲರೂ ಕೂಡಿ ನೋಡುವ ಹೊತ್ತು ಎಂದು ಗೊತ್ತುಮಾಡಿ. ಫೋನು ಬಂದ ಮೇಲೆ ಮನೆಯಲ್ಲಿ ಐದು ಜನ ಐದು ಮೂಲೆಯಲ್ಲಿ ಕುಳಿತು ಐದು ಬೇರೆ ಚಿತ್ರ ನೋಡುತ್ತಾರೆ. ವಾರಕ್ಕೊಂದು ಸಂಜೆಯಾದರೂ ಎಲ್ಲರೂ ಒಂದೇ ಚಾಪೆಯ ಮೇಲೆ ಕೂಡಲಿ.

ಹೋದ ಯುಗಾದಿಯಲ್ಲಿ ನಮ್ಮ ತಾಯಿಯವರನ್ನು ಕೂರಿಸಿ, ಅವರ ತವರಿನ ಕಥೆ, ಬೀಸುವ ಪದ, ಮನೆಮದ್ದು ಎಲ್ಲವನ್ನೂ ಹೇಳಿಸಿ ಹಿಡಿದೆವು. ಅದೇ ರಾತ್ರಿ ಕಂಪ್ಯೂಟರಿಗೆ ಹಾಕಿ, ಡಿಸ್ಕಿಗೆ ಹಾಕಿದೆ. ಮರುವಾರ ತಂಗಿಯ ಊರಿಗೆ ಒಂದು ಪ್ರತಿ ಹೋಯಿತು. ಟೆಲಿವಿಷನ್ನಿನಲ್ಲಿ ತಮ್ಮನ್ನೇ ಕಂಡು ತಾಯಿಯವರು ಮೊದಲು ಸೆರಗು ಸರಿಮಾಡಿಕೊಂಡರು. ಆಮೇಲೆ ಸುಮ್ಮನೆ ಕೇಳುತ್ತ ಕುಳಿತು, ಒಂದು ಕಡೆ, ‘ಅಲ್ಲಿ ಒಂದು ಸಾಲು ಬಿಟ್ಟೆ’ ಎಂದರು. ಬಿಟ್ಟ ಸಾಲನ್ನೂ ಹೇಳಿಸಿ ಸೇರಿಸಿದ್ದೇವೆ. ತಂದೆಯವರು ಹೇಳಿದ್ದರಲ್ಲಿಯೂ ಹೀಗೆ ಬಿಟ್ಟ ಸಾಲುಗಳು ಇದ್ದಿರಬಹುದು. ಕೇಳಲು ಈಗ ದಾರಿಯಿಲ್ಲ.

ಆದ್ದರಿಂದ ಬಂಧುಗಳೇ, ಈ ವಾರ ಮೂರು ಕೆಲಸ ಮಾಡಿ. ಅಟ್ಟದ ಕಂಪ್ಯೂಟರನ್ನು ಇಳಿಸಿ ದೂಳು ಒರೆಸಿ. ಟೆಲಿವಿಷನ್ನಿನ ಹಿಂದಿನ ಕಿಂಡಿ ನೋಡಿ, ದೂರ ಅಳೆದು, ಕೇಬಲ್ ತನ್ನಿ. ಮೂರನೆಯದಾಗಿ, ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ ಅವರ ಬಳಿ ಕುಳಿತು ಒಂದು ಗಂಟೆ ಮಾತಾಡಿಸಿ. ಮೊದಲೆರಡು ತಡವಾದರೂ ಚಿಂತೆಯಿಲ್ಲ, ಮೂರನೆಯದು ತಡವಾಗದಿರಲಿ.